ಚಳಿಗಾಳಿಗೆ ಹಾಯಿ ಬಿಚ್ಚುವುದು ಸರಿಯೇ?



ಬೆಚ್ಚನೆಯ ಮನೆಯನ್ನು ಸ್ವರ್ಗಸುಖದ ಲಕ್ಷಣಗಳಲ್ಲಿ ಮೊದಲಿಗೆ ಎಣಿಸಿದ ಸರ್ವಜ್ಞನ ನಾಡಿನವರು ನಾವು. ಮಳೆ ಬಂದರೆ ಜಗಲಿಯಿಂದ ಒಳಗೆ ಸರಿಯುತ್ತೇವೆ. ಗಾಳಿ ಬೀಸಿದರೆ ಕಿಟಕಿಯ ಬಾಗಿಲು ಹಾಕಿಕೊಳ್ಳುತ್ತೇವೆ. ಹೀಗಿರುವಾಗ ಯಾರ ಬಲವಂತವೂ ಇಲ್ಲದೆ, ಬಿಡಿಗಾಸಿನ ಸಂಪಾದನೆಯೂ ಇಲ್ಲದೆ, ರಜಾದಿನದ ಮುಂಜಾನೆ ಹಾಸಿಗೆಯಿಂದೆದ್ದು, ಕೊರೆಯುವ ಚಳಿಯಲ್ಲಿ, ಬೀಸುಗಾಳಿಯ ನಡುವೆ, ಪುಟ್ಟದೊಂದು ಹಾಯಿದೋಣಿಯನ್ನು ಕಡಲಿಗೊಯ್ಯುವವರನ್ನು ಏನೆಂದು ಕರೆಯೋಣ? ಸಾಹಸಿಗಳೆನ್ನೋಣವೇ, ಮೂಢರೆನ್ನೋಣವೇ? ದೇವರು ಕೊಟ್ಟ ಜೀವವನ್ನು ಬರಿಯ ಸುಖಕ್ಕಾಗಿ ಅಪಾಯಕ್ಕೊಡ್ಡುವ ಹಕ್ಕು ಮನುಷ್ಯನಿಗಿದೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ಮನೆಯೊಳಗಿನಿಂದಲೇ ಬಂತು. ನಮ್ಮ ಹಿರಿಯ ಮಗ ಉದ್ಯೋಗ ನಿಮಿತ್ತ ಇಂಗ್ಲೆಂಡಿನ ಸೌತಾಂಪ್ಟನ್ ನಗರದಲ್ಲಿ ನೆಲೆಸಿದ್ದಾನೆ. ಅಲ್ಲಿಗೆ ಹೋದ ಎರಡನೆಯ ವರ್ಷ ಅವನಿಗೆ ಹಾಯಿದೋಣಿಯ ಗೀಳು ಹಿಡಿಯಿತು. ಬೇಸಿಗೆಯಲ್ಲಿ ಹೋಗುತ್ತಿದ್ದವನು ಕ್ರಮೇಣ ಅಕ್ಟೋಬರ್, ನವೆಂಬರ್ ತಿಂಗಳ ಚಳಿಯಲ್ಲಿಯೂ ಹೋಗತೊಡಗಿದ. ಅಷ್ಟೇ ಅಲ್ಲ, ‘ಚಳಿಗಾಲದ ಗಾಳಿಯಲ್ಲೇ ನಿಜವಾದ ಸುಖ’ ಎಂದು ದೂರವಾಣಿಯಲ್ಲಿ ಹೇಳತೊಡಗಿದ. ಅವನ ತಾಯಿಗೆ ನಿದ್ದೆ ಹಾರಿಹೋಯಿತು. ‘ರೀ, ನೀವಾದರೂ ಬೇಡವೆಂದು ಹೇಳಿ’ ಎಂದು ದಿನವೂ ನನ್ನನ್ನು ಒತ್ತಾಯಿಸುತ್ತಿದ್ದಳು.

ಅವಳ ಭಯಕ್ಕೆ ಕಾರಣವಿತ್ತು. ನಾವು ಕರಾವಳಿಯವರು. ಆಷಾಢದ ಕಡಲು ಹೇಗಿರುತ್ತದೆಂಬುದನ್ನು ಬಾಲ್ಯದಿಂದ ಕಂಡವರು. ನಮ್ಮ ನೆರೆಯ ಮೊಗವೀರ ಬಂಧುಗಳು ಕಡಲನ್ನು ತಾಯಿಯೆಂದು ಪೂಜಿಸುತ್ತಾರೆ. ಆದರೆ ಮುನಿದ ಕಡಲಿನೊಡನೆ ಎಂದೂ ಆಟವಾಡುವುದಿಲ್ಲ. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿಯೇ ಇರಬೇಕೆಂಬ ಸರ್ಕಾರದ ನಿಯಮವಿದೆ. ಅದು ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮ. ಮೀನುಗಾರರ ಜೀವಕ್ಕೂ ಅದು ಕಾವಲು. ಹೊಟ್ಟೆಪಾಡಿಗಾಗಿ ಹೋದ ಮಗನೋ ಗಂಡನೋ ಮರಳುವನೇ ಎಂದು ದಿಗಂತವನ್ನೇ ನೋಡುತ್ತ ಮರಳಿನ ಮೇಲೆ ನಿಂತ ಹೆಂಗಸರನ್ನು ಕಂಡವರಿಗೆ, ಅದೇ ಕಡಲಿಗೆ ವಿನೋದಕ್ಕಾಗಿ ಹೋಗುವುದು ಅರ್ಥವಾಗುವುದಾದರೂ ಹೇಗೆ?

ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳಿನಲ್ಲಿ, ನಾವಿಬ್ಬರೂ ಮಗನ ಮನೆಗೆ ಹೋದೆವು. ಮಾತು ಬಂದಾಗ ಅವನು ವಾದ ಮಾಡಲಿಲ್ಲ. ‘ಅಪ್ಪಾ, ಒಂದು ದಿನ ನೀವೇ ಬನ್ನಿ. ನೋಡಿದ ಮೇಲೂ ಬೇಡವೆಂದರೆ ಬಿಟ್ಟುಬಿಡುತ್ತೇನೆ’ ಎಂದ. ನ್ಯಾಯವಾದ ಮಾತು. ಬೇಡವೆನ್ನುವುದಕ್ಕೆಂದೇ ನಾನು ಹೊರಟೆ.

ಸೌತಾಂಪ್ಟನ್ನಿನ ಸಮೀಪ ಹ್ಯಾಂಬಲ್ ಎಂಬ ಪುಟ್ಟ ನದಿಯಿದೆ. ಅದರ ಎರಡೂ ದಡಗಳಲ್ಲಿ ಹಾಯಿದೋಣಿಗಳ ಕಂಬಗಳು ಅಡಿಕೆ ತೋಟದಂತೆ ಸಾಲುಗಟ್ಟಿ ನಿಂತಿರುತ್ತವೆ. ನದಿ ಸೇರುವುದು ಸೌತಾಂಪ್ಟನ್ನಿನ ಕೊಲ್ಲಿಯನ್ನು. ಅಲ್ಲಿಂದ ಮುಂದೆ ಸೊಲೆಂಟ್ ಎಂಬ ಜಲಸಂಧಿ. ಒಂದು ಕಡೆ ಇಂಗ್ಲೆಂಡಿನ ನೆಲ, ಇನ್ನೊಂದು ಕಡೆ ವೈಟ್ ದ್ವೀಪ. ದೋಣಿ ಮೂವತ್ತು ಅಡಿ ಉದ್ದದ್ದು. ಅದರ ಯಜಮಾನರು ನಿವೃತ್ತ ಶಾಲಾ ಶಿಕ್ಷಕರು, ನನ್ನದೇ ವಯಸ್ಸಿನವರು. ನನ್ನ ಮಗ ಮತ್ತು ಅವನ ಸಹೋದ್ಯೋಗಿ ಯುವತಿಯೊಬ್ಬಳು ಅವರ ಸಹಾಯಕರು. ದ್ವೀಪದ ಪಶ್ಚಿಮಕ್ಕಿರುವ ಯಾರ್ಮತ್ ಎಂಬ ಊರಿಗೆ ಹೋಗಿ, ಅಲ್ಲಿ ಊಟ ಮಾಡಿ, ಕತ್ತಲಾಗುವ ಮುನ್ನ ಮರಳುವುದೆಂದು ಯೋಜನೆ.

ಹೊರಡುವ ಮುನ್ನ ಆ ಹಿರಿಯರು ಮಾಡಿದ ಕೆಲಸಗಳು ನನ್ನ ಗಮನ ಸೆಳೆದವು. ಮೊದಲು ಹವಾಮಾನದ ವರದಿ: ನೈರುತ್ಯದ ಗಾಳಿ, ಬಲ ಐದರಿಂದ ಆರು, ಮಧ್ಯಾಹ್ನದ ನಂತರ ಏಳು. ಈ ಅಂಕಿಗಳು 1805ರಲ್ಲಿ ಫ್ರಾನ್ಸಿಸ್ ಬ್ಯೂಫರ್ಟ್ ಎಂಬ ನೌಕಾಧಿಕಾರಿ ರೂಪಿಸಿದ ಮಾಪನದವು. ಆರು ಎಂದರೆ ಗಂಟೆಗೆ ಸುಮಾರು 40ರಿಂದ 50 ಕಿಲೋಮೀಟರ್ ವೇಗ. ಅಲೆಗಳ ನೆತ್ತಿಯೆಲ್ಲ ಬಿಳಿ ನೊರೆ. ಎರಡನೆಯದಾಗಿ, ದಡ ಬಿಡುವ ಮೊದಲೇ ದೊಡ್ಡ ಹಾಯಿಯ ಕೆಳಭಾಗವನ್ನು ಎರಡು ಪಟ್ಟು ಮಡಿಸಿ ಕಟ್ಟಿ ಚಿಕ್ಕದು ಮಾಡಿದರು. ಮೂರನೆಯದಾಗಿ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ, ಅದರ ಹಗ್ಗವನ್ನು ದೋಣಿಗೆ ಬಿಗಿಯುವ ಕೊಂಡಿಯನ್ನು ತಾವೇ ಎಳೆದು ಪರೀಕ್ಷಿಸಿದರು. ನೀರಿನ ಉಷ್ಣತೆ ಸುಮಾರು 12 ಡಿಗ್ರಿ ಇತ್ತು. ಅಂಥ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ಆಗ ಈಜಲು ಹೋಗದೆ ಬೆನ್ನ ಮೇಲೆ ತೇಲುತ್ತ ಉಸಿರನ್ನು ಸಾವರಿಸಿಕೊಳ್ಳಬೇಕು ಎಂದು ಪಾಠ ಹೇಳಿದರು. ನನ್ನ ಭಯ ಕಡಿಮೆಯಾಗಲಿಲ್ಲ. ಆದರೆ ಇವರು ಮೂಢರೆಂಬ ಎಣಿಕೆ ಅಲ್ಲಿಯೇ ಸಡಿಲವಾಯಿತು.

ಹೊರಗೆ ಬಂದೆವು. ಗಾಳಿಯ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದರ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಜೊತೆಗೆ ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಸಾಂದ್ರವಾದದ್ದು. 5 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ನೂರಕ್ಕೆ ಒಂಬತ್ತರಷ್ಟು ಭಾರ. ಹೀಗಾಗಿ ಚಳಿಗಾಲದ ಗಾಳಿ ಹಾಯಿಯನ್ನು ಮುಟ್ಟುವುದಿಲ್ಲ, ನೂಕುತ್ತದೆ. ಒಂದೇ ನೂಕಿಗೆ ನಮ್ಮ ದೋಣಿ ಮಗ್ಗುಲಾಯಿತು. ‘ಮುಗಿಯಿತು’ ಎಂದುಕೊಂಡೆ. ಆದರೆ ಅದು ಮಗುಚಲಿಲ್ಲ. ದೋಣಿಯ ತೂಕದ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅದರ ಅಡಿಯಲ್ಲಿ, ನೀರಿನೊಳಗೆ, ಕಣ್ಣಿಗೆ ಕಾಣದಂತೆ ಇರುತ್ತದಂತೆ. ಮೇಲಿನ ಗಾಳಿ ಬಾಗಿಸಿದಷ್ಟೂ ಅಡಿಯ ಭಾರ ಎತ್ತಿ ನಿಲ್ಲಿಸುತ್ತದೆ. ಮನುಷ್ಯನಿಗೂ ಇಂಥದೊಂದು ಭಾರ ಅಡಿಯಲ್ಲಿರಬೇಕಲ್ಲವೇ ಎಂದು ಆ ಭಯದಲ್ಲಿಯೂ ನನಗನ್ನಿಸಿತು.

ಅರ್ಧ ಗಂಟೆ ಕಳೆಯಿತು. ಉಪ್ಪುನೀರು ಮುಖಕ್ಕೆ ರಾಚುತ್ತಿತ್ತು. ಕೈಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಆಗ, ಓದುಗರೇ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ನನಗೆ ಸಂತೋಷವಾಗತೊಡಗಿತು. ಅದು ಎಂಥ ಸಂತೋಷವೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅಪಾಯದ ಅಮಲು ಅದಾಗಿರಲಿಲ್ಲ. ನನ್ನ ಪಿಂಚಣಿಯ ಲೆಕ್ಕ, ಮೊಣಕಾಲಿನ ನೋವು, ಊರಿನಲ್ಲಿ ಬಿಟ್ಟುಬಂದ ಜಗಳ, ಇವಾವುದೂ ಆ ಹೊತ್ತಿನಲ್ಲಿ ನನ್ನೊಳಗೆ ಇರಲಿಲ್ಲ. ಬರುತ್ತಿರುವ ಅಲೆಯೊಂದಿತ್ತು, ಹಿಡಿದುಕೊಳ್ಳಬೇಕಾದ ಹಗ್ಗವೊಂದಿತ್ತು, ಚುಕ್ಕಾಣಿ ಹಿಡಿದ ನನ್ನ ಮಗನ ಮುಖವಿತ್ತು. ಮನಸ್ಸು ಪೂರ್ತಿಯಾಗಿ ಒಂದೇ ಕಡೆ ನಿಂತಿತ್ತು. ಪ್ರಾರ್ಥನೆಗೆ ಕುಳಿತಾಗಲೂ ಎಷ್ಟೋ ಸಲ ನನಗೆ ದೊರಕದ ಏಕಾಗ್ರತೆ ಅದು.

ಇನ್ನೊಂದನ್ನೂ ಕಂಡೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಹೋಗಬೇಕಾದ ಊರು ಗಾಳಿ ಬರುವ ದಿಕ್ಕಿನಲ್ಲಿಯೇ ಇದ್ದರೆ ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ, ಅಂಕುಡೊಂಕಾಗಿ ಸಾಗಬೇಕು. ಗಾಳಿಗೆ ಅಪ್ಪಣೆ ಕೊಡಲಾಗದು. ಅದರ ಮಾತು ಕೇಳಿಕೊಂಡೇ ನಮ್ಮ ದಾರಿ ಹುಡುಕಿಕೊಳ್ಳಬೇಕು. ಗುಂಡಿ ಒತ್ತಿದರೆ ದೀಪ, ಗುಂಡಿ ಒತ್ತಿದರೆ ತಂಪು ಎಂಬ ಈ ಕಾಲದಲ್ಲಿ, ತನ್ನ ಅಪ್ಪಣೆಗೆ ಒಳಪಡದ ಒಂದು ದೊಡ್ಡ ಶಕ್ತಿಯ ಎದುರು ಚಿಕ್ಕವನಾಗಿ ನಿಲ್ಲುವುದು ಮನುಷ್ಯನಿಗೆ ಒಳ್ಳೆಯದು. ಬೇಸಿಗೆಯ ಮಂದಮಾರುತದಲ್ಲಿ ಈ ಪಾಠ ಮರೆತುಹೋಗಬಹುದು. ಚಳಿಗಾಳಿಯಲ್ಲಿ ಮರೆಯಲು ಸಾಧ್ಯವೇ ಇಲ್ಲ.

ಈ ಸುಖ ಹೊಸದೇನಲ್ಲ. 1903ರಲ್ಲಿ ಪ್ರಕಟವಾದ ‘ದಿ ರಿಡಲ್ ಆಫ್ ದ ಸ್ಯಾಂಡ್ಸ್’ ಎಂಬ ಎರ್ಸ್ಕಿನ್ ಚೈಲ್ಡರ್ಸ್ ಅವರ ಕಾದಂಬರಿಯನ್ನು ಮಗನ ಕಪಾಟಿನಲ್ಲಿ ನೋಡಿದೆ. ಲಂಡನ್ನಿನ ಕಚೇರಿಯಲ್ಲಿ ಬೇಸತ್ತ ಕಾರದರ್ಸ್ ಎಂಬ ಯುವಕನನ್ನು ಗೆಳೆಯನೊಬ್ಬ ಸೆಪ್ಟೆಂಬರ್ ಕೊನೆಯಲ್ಲಿ ಬಾಲ್ಟಿಕ್ ಕಡಲಿನ ನೌಕಾವಿಹಾರಕ್ಕೆ ಕರೆಯುತ್ತಾನೆ. ವೈಭವದ ನೌಕೆಯನ್ನು ನಿರೀಕ್ಷಿಸಿ ಹೋದವನಿಗೆ ಕಂಡದ್ದು ಇಕ್ಕಟ್ಟಾದ, ತೇವ ಹಿಡಿದ ಪುಟ್ಟ ದೋಣಿ. ಅವನ ದೊಡ್ಡ ಪೆಟ್ಟಿಗೆ ಅದರ ಬಾಗಿಲಿನೊಳಗೆ ತೂರುವುದೇ ಇಲ್ಲ! ಗೊಣಗುತ್ತ ಹೊರಟವನು ಚಳಿ, ಮಂಜು, ಗಾಳಿಗಳ ನಡುವೆ ನಿಧಾನವಾಗಿ ಬೇರೆಯೇ ಮನುಷ್ಯನಾಗುತ್ತಾನೆ. ಆ ಲೇಖಕರು 1897ರ ಶರತ್ಕಾಲದಲ್ಲಿ ಅದೇ ಕಡಲುಗಳಲ್ಲಿ ಸ್ವತಃ ಸಣ್ಣ ದೋಣಿಯೊಂದನ್ನು ನಡೆಸಿದ್ದವರು. ನಮ್ಮ ಜೊತೆ ತೂರಲಾರದ ಪೆಟ್ಟಿಗೆಗಳನ್ನು ದಡದಲ್ಲಿ ಬಿಟ್ಟುಹೋಗುವುದು ಈ ಸುಖದ ಒಂದು ಭಾಗವೆಂದು ತೋರುತ್ತದೆ.

ನಮ್ಮ ಪಯಣಕ್ಕೆ ಮರಳೋಣ. ಕೌಸ್ ಪಟ್ಟಣವನ್ನು ದಾಟುವ ಹೊತ್ತಿಗೆ ಕಡಲಿನ ಇಳಿತ ಜೋರಾಯಿತು. ಇಳಿತದ ನೀರು ಪಶ್ಚಿಮಕ್ಕೆ ಹರಿಯುತ್ತಿತ್ತು, ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿತ್ತು. ಹರಿವು ಗಾಳಿಗೆ ಎದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಗಾಳಿಯ ಬಲ ವರದಿ ಹೇಳಿದ್ದಕ್ಕಿಂತ ಮೊದಲೇ ಏರತೊಡಗಿತ್ತು. ದೋಣಿಗೆ ಏನೂ ಆಗಿರಲಿಲ್ಲ. ನಮಗೂ ಏನೂ ಆಗಿರಲಿಲ್ಲ. ಆದರೆ ಆ ಹಿರಿಯರು ಒಮ್ಮೆ ಮೋಡ ನೋಡಿದರು, ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಕೈಗಳನ್ನು ನೋಡಿದರು. ‘ಇಂದಿಗೆ ಸಾಕು. ಹಿಂತಿರುಗೋಣ’ ಎಂದರು.

ನನಗೆ ನಿರಾಶೆಯಾಯಿತೆಂದರೆ ನಂಬುವಿರಾ? ಬೇಡವೆನ್ನಲು ಬಂದವನು ನಾನು! ‘ಇನ್ನು ಒಂದು ಗಂಟೆಯಲ್ಲಿ ತಲುಪುತ್ತಿರಲಿಲ್ಲವೇ?’ ಎಂದು ಕೇಳಿದೆ. ‘ತಲುಪಬಹುದಿತ್ತು. ಆದರೆ ಮರಳುವುದು ಕಷ್ಟವಾಗುತ್ತಿತ್ತು. ಹಿಂತಿರುಗಬೇಕೆಂಬ ಯೋಚನೆ ಮೊದಲ ಸಲ ಬಂದಾಗಲೇ ಹಿಂತಿರುಗಬೇಕು. ಎರಡನೆಯ ಸಲ ಬರುವಷ್ಟರಲ್ಲಿ ತಡವಾಗಿರುತ್ತದೆ’ ಎಂದರು. ನನ್ನ ಮಗ ಒಂದು ಮಾತೂ ಆಡದೆ ಚುಕ್ಕಾಣಿ ತಿರುಗಿಸಿದ. ಅವನ ಮುಖದಲ್ಲಿ ಅಸಮಾಧಾನದ ಗೆರೆಯೂ ಇರಲಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಎಂದೂ ಒಮ್ಮೆಗೇ ಒಪ್ಪದ ಹುಡುಗ!

ತಿರುಗಿದೊಡನೆ ಒಂದು ವಿಚಿತ್ರ ನಡೆಯಿತು. ಗಾಳಿ ನಿಂತೇಹೋದಂತಾಯಿತು. ಗಾಳಿ ನಿಂತಿರಲಿಲ್ಲ, ನಾವು ಅದರ ಎದುರು ಹೋಗುವುದನ್ನು ಬಿಟ್ಟು ಅದರ ಜೊತೆ ಹೊರಟಿದ್ದೆವು. 25 ನಾಟ್ ಗಾಳಿ ಎದುರು ಹೋಗುವವನಿಗೆ ಸುಮಾರು 29 ಆಗಿ ತಾಗುತ್ತದೆ. ಅದರೊಡನೆ 7 ನಾಟ್ ವೇಗದಲ್ಲಿ ಓಡುವವನಿಗೆ 18 ಮಾತ್ರ. ಒತ್ತಡದ ಲೆಕ್ಕದಲ್ಲಿ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಬದುಕಿನಲ್ಲಿ ಎದುರಿಸಿದ ಬಿರುಗಾಳಿಗಳಲ್ಲಿ ಎಷ್ಟು ಭಾಗ ಗಾಳಿಯದು, ಎಷ್ಟು ಭಾಗ ನಮ್ಮ ಹಟದ್ದು ಎಂದು ಎಣಿಸಿ ನೋಡುವಂತಾಯಿತು. ದಡ ಸೇರಿ, ದೋಣಿಯೊಳಗಿನ ಪುಟ್ಟ ಒಲೆಯ ಮೇಲೆ ಕಾಯಿಸಿದ ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದಾಗ, ನಮ್ಮೂರಿನ ಆಷಾಢದ ಸಂಜೆ ನೆನೆದು ಬಂದು ಬಚ್ಚಲೊಲೆಯ ಮುಂದೆ ಕುಳಿತ ನೆನಪಾಯಿತು. ಬಿಸಿಯ ಬೆಲೆ ಚಳಿಯನ್ನು ಕಂಡವನಿಗೇ ಗೊತ್ತು.

ಆದರೆ ಸುಖ ನಿಜವಾಗಿದ್ದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಆ ಸಂಜೆ ನನ್ನ ಹೆಂಡತಿ ಕೇಳಿದ ಪ್ರಶ್ನೆ ನೇರವಾಗಿತ್ತು: ‘ನಿಮ್ಮ ಸುಖವೇನೋ ಸರಿ. ಏನಾದರೂ ಆಗಿದ್ದರೆ ನಿಮ್ಮನ್ನು ಹುಡುಕಿ ತರಲು ಬೇರೆ ಯಾರದೋ ಮಗ ಹೋಗಬೇಕಾಗುತ್ತಿತ್ತಲ್ಲ?’

ಇದೇ ಈ ವಿಷಯದ ನಿಜವಾದ ನೈತಿಕ ಗಂಟು. ಬ್ರಿಟನ್ ಮತ್ತು ಐರ್ಲೆಂಡಿನ ಕಡಲುಗಳಲ್ಲಿ ಆಪತ್ತಿಗೆ ಒದಗುವ ಆರ್.ಎನ್.ಎಲ್.ಐ. ಎಂಬ ಜೀವರಕ್ಷಕ ದೋಣಿಗಳ ಸಂಸ್ಥೆಯಿದೆ. ವಿಲಿಯಂ ಹಿಲರಿ ಎಂಬವರ ಪ್ರಯತ್ನದಿಂದ 1824ರಲ್ಲಿ ಆರಂಭವಾಯಿತು. ಮೊದಲ 200 ವರ್ಷಗಳಲ್ಲಿ 1,46,000ಕ್ಕೂ ಹೆಚ್ಚು ಜೀವಗಳನ್ನು ಉಳಿಸಿತು. ಅದು ನಡೆಯುವುದು ಮುಖ್ಯವಾಗಿ ಜನರ ಕಾಣಿಕೆಯಿಂದ; ಅದರ ದೋಣಿಯಲ್ಲಿ ಹೋಗುವವರಲ್ಲಿ ಬಹುಪಾಲು ಸ್ವಯಂಸೇವಕರು. ಹಿಂದಿನ ಕಾಲದಲ್ಲಿ ಅವರಲ್ಲಿ ಬಹಳ ಮಂದಿ ಮೀನುಗಾರರೇ ಆಗಿದ್ದರು. 1981ರ ಡಿಸೆಂಬರ್ 19ರ ರಾತ್ರಿ ಕಾರ್ನ್‌ವಾಲ್ ತೀರದಲ್ಲಿ ಸರಕು ಹಡಗೊಂದರ ಜನರನ್ನು ಉಳಿಸಲು ಹೋದ ‘ಸಾಲೊಮನ್ ಬ್ರೌನ್’ ಎಂಬ ರಕ್ಷಣಾ ದೋಣಿಯ ಎಂಟು ಮಂದಿ ಸ್ವಯಂಸೇವಕರಲ್ಲಿ ಒಬ್ಬರೂ ಮರಳಲಿಲ್ಲ. ಅದು ವಿನೋದದ ದೋಣಿಗಾಗಿ ಆದ ಸಾವಲ್ಲ, ನಿಜ. ಆದರೆ ಕರೆ ಬಂದಾಗ ಹೊರಡುವವರು ‘ಅವರು ದುಡಿಯಲು ಹೋಗಿದ್ದರೇ, ಆಡಲು ಹೋಗಿದ್ದರೇ’ ಎಂದು ಕೇಳುವುದಿಲ್ಲ. ಅವರು ಕೇಳುವುದಿಲ್ಲವಾದ್ದರಿಂದಲೇ ನಾವು ನಮ್ಮನ್ನು ಕೇಳಿಕೊಳ್ಳಬೇಕು.

1979ರ ಆಗಸ್ಟ್ ತಿಂಗಳಿನಲ್ಲಿ ನಡೆದ ಫಾಸ್ಟ್‌ನೆಟ್ ಸ್ಪರ್ಧೆಯನ್ನು ಇಲ್ಲಿ ನೆನೆಯದಿರಲಾಗದು. ಇಂಗ್ಲೆಂಡಿನಿಂದ ಐರ್ಲೆಂಡಿನ ದಕ್ಷಿಣ ತುದಿಯ ಬಂಡೆಯನ್ನು ಸುತ್ತಿ ಬರುವ ಆ ಸ್ಪರ್ಧೆಯಲ್ಲಿ 303 ದೋಣಿಗಳಿದ್ದವು. ನಡುದಾರಿಯಲ್ಲಿ ಎದ್ದ ಬಿರುಗಾಳಿಗೆ 15 ಮಂದಿ ಸ್ಪರ್ಧಿಗಳು ಬಲಿಯಾದರು. ದೋಣಿ ಇನ್ನು ಉಳಿಯದೆಂದು 24 ದೋಣಿಗಳನ್ನು ಬಿಟ್ಟು ಜನ ಹೊರಬಂದರು. ಗಾಳಿ ಶಾಂತವಾದ ಮೇಲೆ ನೋಡಿದರೆ ಮುಳುಗಿದ್ದು ಐದು ಮಾತ್ರ. ಉಳಿದ ಹತ್ತೊಂಬತ್ತು ದೋಣಿಗಳು ಅಲೆಗಳ ಮೇಲೆ ತೇಲುತ್ತಲೇ ಇದ್ದವು! ಆ ಕತ್ತಲಲ್ಲಿ ದೋಣಿ ಬಿಟ್ಟವರನ್ನು ದಡದಲ್ಲಿ ಕುಳಿತು ಆಕ್ಷೇಪಿಸುವುದು ಸಲ್ಲದು. ಆದರೂ ದೋಣಿ ತೇಲುತ್ತಿರುವವರೆಗೆ ದೋಣಿಯನ್ನು ಬಿಡಬಾರದೆಂಬ ಪಾಠವನ್ನು ನಾವಿಕರು ಅಂದು ಬಹಳ ಬೆಲೆ ತೆತ್ತು ಕಲಿತರು.

ಈ ಸಂಗತಿಯನ್ನು ಓದಿದಾಗ ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯ ನನಗೆ ಹೊಸದಾಗಿ ತೆರೆದುಕೊಂಡಿತು. ಸಂತ ಪೌಲರ ಆ ಯಾನವೂ ಚಳಿಗಾಲದ ಹೊಸ್ತಿಲಿನದು. ಉಪವಾಸದ ದಿನ ಕಳೆದುಹೋಗಿದೆ, ಮುಂದೆ ಹೋಗುವುದು ಅಪಾಯವೆಂದು ಅವರು ಎಚ್ಚರಿಸುತ್ತಾರೆ. ಆದರೆ ಹಡಗಿನ ಯಜಮಾನನ ಮಾತೇ ಗೆಲ್ಲುತ್ತದೆ. ಬಿರುಗಾಳಿ ಎದ್ದ ಮೇಲೆ, ನಾವಿಕರು ಗುಟ್ಟಾಗಿ ಚಿಕ್ಕ ದೋಣಿಯಲ್ಲಿ ಪಾರಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ಯಾರಿಗೂ ಉಳಿವಿಲ್ಲವೆಂದು ತಿಳಿಸಿ ತಡೆಯುವವರೂ ಅವರೇ. ಹೊರಡಬಾರದಿದ್ದಾಗ ಹೊರಡಬೇಡಿ ಎನ್ನುವ ವಿವೇಕ, ಹೊರಟ ಮೇಲೆ ಜೊತೆಯವರನ್ನು ಬಿಟ್ಟೋಡದ ಧೈರ್ಯ, ಇವೆರಡೂ ಒಬ್ಬನೇ ಮನುಷ್ಯನಲ್ಲಿ ಇರಬಲ್ಲವು; ಇರಬೇಕಾದದ್ದೂ ಹೀಗೆಯೇ. ಹಡಗು ಒಡೆದ ಮೇಲೆ ಮಾಲ್ಟಾದ ಜನ 276 ಮಂದಿ ಅಪರಿಚಿತರಿಗಾಗಿ, ಮಳೆ ಮತ್ತು ಚಳಿಯ ಕಾರಣ, ಬೆಂಕಿ ಹೊತ್ತಿಸಿದರು. ಅವರೂ ಯಾರ ತಪ್ಪೆಂದು ಕೇಳಲಿಲ್ಲ.

ನಮ್ಮ ದೇಶದವರೇ ಆದ ಅಭಿಲಾಷ್ ಟಾಮಿಯವರ ಕಥೆ ನಿಮಗೆ ನೆನಪಿರಬಹುದು. 2018ರಲ್ಲಿ, ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದು ಮೂರು ದಿನ ಮಲಗಿದಲ್ಲೇ ಇದ್ದರು. ತನ್ನ ದೋಣಿಯ ಕಂಬವೂ ಮುರಿದಿದ್ದ ಐರಿಷ್ ಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಅವರತ್ತ ಹೊರಟರು. ಕೊನೆಗೆ ಕಾಪಾಡಿದ್ದು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು. ಮುಂದಿನ ಸಲದ ಅದೇ ಸ್ಪರ್ಧೆಯಲ್ಲಿ, 2023ರಲ್ಲಿ, ಟಾಮಿಯವರು ಎರಡನೆಯವರಾಗಿ ಮುಗಿಸಿದರು. ಮೊದಲನೆಯವರು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನಾಯ್ಶೇಫರ್. ಆಕೆ ನಡುದಾರಿಯಲ್ಲಿ ದೋಣಿ ಮುಳುಗಿದ ಸಹಸ್ಪರ್ಧಿಯೊಬ್ಬರನ್ನು ಕಾಪಾಡಲು ತಮ್ಮ ದಾರಿಯನ್ನೇ ಬದಲಿಸಿದ್ದರು. ಗೆಲ್ಲಲು ಹೊರಟವರು ಗೆಲುವನ್ನು ಬದಿಗಿಟ್ಟು ಇನ್ನೊಬ್ಬರತ್ತ ಹಾಯಿ ತಿರುಗಿಸಬಲ್ಲರಾದರೆ, ಆ ಆಟ ಬರಿಯ ಸ್ವಾರ್ಥವೆಂದು ತಳ್ಳಿಹಾಕಲಾಗದು.

ಹಾಗಾದರೆ ನನ್ನ ತೀರ್ಮಾನವೇನು? ಆಯ್ದುಕೊಂಡ ಕಷ್ಟದಲ್ಲಿ ಸುಖ ಕಾಣುವುದು ತಪ್ಪಲ್ಲ. ಜೀವವನ್ನು ಕಪಾಟಿನಲ್ಲಿ ಬೀಗ ಹಾಕಿಡಲೆಂದು ದೇವರು ನಮಗೆ ಕೊಡಲಿಲ್ಲ. ಆದರೆ ಧೈರ್ಯಕ್ಕೂ ದುಡುಕಿಗೂ ಹೊರನೋಟಕ್ಕೆ ಒಂದೇ ಬಟ್ಟೆ. ಅವನ್ನು ಬೇರೆ ಮಾಡಿ ತೋರಿಸುವುದು ಮೂರು ಸಂಗತಿಗಳು ಮಾತ್ರ: ಹೊರಡುವ ಮೊದಲೇ ಹಾಯಿ ಮಡಿಸುವ ಸಿದ್ಧತೆ, ಮೊದಲ ಸೂಚನೆಗೇ ಹಿಂತಿರುಗುವ ನಮ್ರತೆ, ತನ್ನನ್ನು ಹುಡುಕಿ ಬರಬೇಕಾದವರ ಋಣದ ಅರಿವು. ಇವು ಮೂರೂ ಇದ್ದರೆ ಚಳಿಗಾಳಿಯ ಹಾಯಿ ಒಂದು ಪಾಠಶಾಲೆ. ಒಂದು ಕಡಿಮೆಯಾದರೂ ಅದು ಬೇರೆಯವರ ಮಕ್ಕಳ ಜೀವದೊಡನೆ ಆಡುವ ಜೂಜು. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವ ಮೀನುಗಾರನಿಗೆ ಈ ಆಯ್ಕೆಯೇ ಇಲ್ಲ. ಆಯ್ಕೆ ಇರುವವನ ಹೊಣೆ ಆದ್ದರಿಂದಲೇ ಹೆಚ್ಚು.

ಮಗನಿಗೆ ನಾನು ಬೇಡವೆನ್ನಲಿಲ್ಲ. ಹೊರಡುವ ಮೊದಲು, ಮರಳಿದ ಮೇಲೆ, ತಾಯಿಗೆ ತಿಳಿಸಬೇಕೆಂದು ಮಾತ್ರ ಹೇಳಿದೆ. ನಾವು ಊರಿಗೆ ಹೊರಡುವ ಮುನ್ನಾದಿನ ಅಂಗಡಿಯೊಂದರಲ್ಲಿ ದೋಣಿಯ ಆಕಾರದ ಕಾಣಿಕೆ ಡಬ್ಬಿಯಿತ್ತು, ಆ ರಕ್ಷಣಾ ಸಂಸ್ಥೆಯದು. ನನ್ನ ಹೆಂಡತಿ ಪರ್ಸಿನಲ್ಲಿದ್ದ ನಾಣ್ಯಗಳನ್ನೆಲ್ಲ ಅದರೊಳಗೆ ಹಾಕಿದಳು. ಏನೂ ಹೇಳಲಿಲ್ಲ.

ಪ್ರಿಯ ತಂದೆತಾಯಿಗಳೇ, ನಿಮ್ಮ ಮನೆಯ ಮಕ್ಕಳೂ ಒಂದು ದಿನ ಬೆಟ್ಟ ಹತ್ತಲು, ದೂರದ ಊರಿಗೆ ಹೋಗಲು, ನಿಮಗೆ ಅರ್ಥವಾಗದ ಯಾವುದೋ ಗಾಳಿಗೆ ಹಾಯಿ ಬಿಚ್ಚಲು ಹೊರಡುತ್ತಾರೆ. ಆಗ ಕೂಡಲೇ ಬೇಡವೆನ್ನಬೇಡಿ. ಕೂಡಲೇ ಹೂಂ ಎನ್ನಲೂಬೇಡಿ. ಸಾಧ್ಯವಾದರೆ ಒಂದು ದಿನ ಅವರ ಜೊತೆ ಹೋಗಿ ನೋಡಿ. ಅವರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕಿಂತ, ಎಲ್ಲಿಂದ ಹಿಂತಿರುಗಬಲ್ಲರು ಎಂಬುದನ್ನು ನೋಡಿ. ನಮ್ಮ ಮಗ ಈಗಲೂ ಭಾನುವಾರ ಸಂಜೆ ದೂರವಾಣಿ ಮಾಡುತ್ತಾನೆ. ‘ಅಮ್ಮಾ, ಇವತ್ತು ಅರ್ಧದಾರಿಯಿಂದಲೇ ಹಿಂದೆ ಬಂದೆವು’ ಎಂದು ಅವನು ಹೇಳಿದ ದಿನ ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ.